ಹೊಸ್ತಿಲು ದಾಟಬೇಕಾದ ಕುರ್ಚಿ

ಗಾಲಿಕುರ್ಚಿ ಎಂದೊಡನೆ ನಿಮ್ಮ ಕಣ್ಣಿಗೆ ಕಟ್ಟುವುದು ಆಸ್ಪತ್ರೆಯ ಓಣಿ, ನುಣುಪಾದ ನೆಲ, ಹಿಂದಿನಿಂದ ನೂಕುವ ಒಬ್ಬ ಆಳು. ಈ ಹೊತ್ತು ನಾನು ಹೇಳಹೊರಟಿರುವ ಕುರ್ಚಿ ಅದಲ್ಲ. ಇದಕ್ಕೆ ನೂಕುವವರು ಬೇಡ. ಕೂತವರ ಬೆರಳಿನ ಕೆಳಗೆ ಒಂದು ಪುಟ್ಟ ಹಿಡಿ ಇರುತ್ತದೆ. ಅದನ್ನು ಮುಂದಕ್ಕೆ ಬಾಗಿಸಿದರೆ ಕುರ್ಚಿ ಮುಂದಕ್ಕೆ ಹೋಗುತ್ತದೆ, ಎಡಕ್ಕೆ ಬಾಗಿಸಿದರೆ ಎಡಕ್ಕೆ ತಿರುಗುತ್ತದೆ. ದುಡಿಯುವುದು ಬ್ಯಾಟರಿ ಮತ್ತು ಮೋಟಾರು. ಇಂಥ ಒಂದು ವಿದ್ಯುತ್ ಗಾಲಿಕುರ್ಚಿ ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನನಗೆ ಪರಿಚಯದವರೊಬ್ಬರ ಪಡಸಾಲೆಯ ಮೂಲೆಯಲ್ಲಿ, ಅಡಿಕೆ ಚೀಲ ಹೊದ್ದುಕೊಂಡು ಎರಡು ವರ್ಷ ಸುಮ್ಮನೆ ಕುಳಿತಿತ್ತು. ಅದು ಕೆಟ್ಟಿರಲಿಲ್ಲ. ಕೆಡದ ಯಂತ್ರ ಮೂಲೆ ಸೇರಿದ್ದೇಕೆ ಎಂಬುದೇ ನನ್ನನ್ನು ಈ ವಿಷಯಕ್ಕೆ ಹಚ್ಚಿತು.

ಆ ಮನೆಯ ಯಜಮಾನರು ಅಡಿಕೆ ಕೊನೆ ಇಳಿಸುವ ಕಸುಬಿನವರು. ಚನ್ನಗಿರಿ ಸೀಮೆಯ ತೋಟಗಳನ್ನು ಕಂಡವರಿಗೆ ಆ ಕೆಲಸದ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಐವತ್ತು ಅಡಿ ಎತ್ತರದ ತೆಳ್ಳನೆಯ ಮರ, ಕಾಲಿಗೆ ಹಗ್ಗದ ಒಂದು ಬಳೆ, ಸೊಂಟಕ್ಕೆ ಕತ್ತಿ. ಒಂದು ಕೊಯ್ಲಿನ ದಿನ ಮರದ ಮೈ ಒದ್ದೆಯಾಗಿತ್ತು, ಕಾಲು ಜಾರಿತು. ಮರದಿಂದ ಬಿದ್ದವರ ಬೆನ್ನುಹುರಿಗೆ ಪೆಟ್ಟಾಗುವುದು ಅಡಿಕೆ ನಾಡಿನ ವೈದ್ಯರಿಗೆ ಹೊಸ ಸಂಗತಿಯಲ್ಲ. ಇವರಿಗೆ ಪೆಟ್ಟಾದದ್ದು ಕತ್ತಿನ ಬುಡಕ್ಕೆ. ಕಾಲುಗಳು ಪೂರ್ತಿ ಹೋದವು. ಕೈಗಳಲ್ಲಿ ಅರ್ಧ ಬಲ ಉಳಿಯಿತು. ಸಾಮಾನ್ಯ ಗಾಲಿಕುರ್ಚಿಯ ಚಕ್ರವನ್ನು ತಾವೇ ತಿರುಗಿಸಿಕೊಂಡು ಹೋಗುವಷ್ಟು ಶಕ್ತಿ ಆ ಕೈಗಳಿಗಿಲ್ಲ. ಒಬ್ಬ ದಾನಿಗಳು ವಿದ್ಯುತ್ ಕುರ್ಚಿ ಕೊಡಿಸಿದರು. ಮನೆಯೊಳಗೆ ಅದು ಬಹಳ ಚೆನ್ನಾಗಿ ಓಡಿತು.

ತೊಂದರೆ ಬಂದದ್ದು ಹೊಸ್ತಿಲಿನಲ್ಲಿ. ಹಳೆಯ ಮನೆ, ಹೊಸ್ತಿಲು ಐದು ಅಂಗುಲ ಎತ್ತರ. ಅದರಾಚೆ ಜಗಲಿ, ಜಗಲಿಯಿಂದ ಏಳೇಳು ಅಂಗುಲದ ಎರಡು ಮೆಟ್ಟಿಲು, ಮೆಟ್ಟಿಲ ಕೆಳಗೆ ಚರಂಡಿಯ ಮೇಲಿನ ಚಪ್ಪಡಿ, ಅದು ಇಳಿದರೆ ಬೀದಿ. ಬಾಗಿಲಿನಿಂದ ಬೀದಿಗೆ ಹತ್ತು ಹೆಜ್ಜೆಯಿಲ್ಲ. ಆ ಹತ್ತು ಹೆಜ್ಜೆಗೆ ಕುರ್ಚಿಯನ್ನು ಮೂವರು ಎತ್ತಬೇಕು. ಯಜಮಾನರನ್ನು ಬೇರೆ ಇಬ್ಬರು ಎತ್ತಿ ತರಬೇಕು. ಮಗ ದಾವಣಗೆರೆಯಲ್ಲಿ ಕೆಲಸದಲ್ಲಿದ್ದಾನೆ. ಮನೆಯಲ್ಲಿರುವವರು ಹೆಂಡತಿ ಮತ್ತು ವಯಸ್ಸಾದ ತಾಯಿ. ಮೊದಲ ತಿಂಗಳು ನೆರೆಯವರು ದಿನವೂ ಬಂದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಹಬ್ಬಕ್ಕೆ. "ಮೇಷ್ಟ್ರೇ, ದಿನಾ ಕೂಗಿ ಕರೆಯೋಕೆ ನಾಚಿಕೆ ಆಗ್ತದೆ," ಎಂದರು ಅವರು. ಅಡಿಕೆ ಚೀಲ ಕುರ್ಚಿಯ ಮೇಲೆ ಬಂದದ್ದು ಹೀಗೆ.

ಹಗುರವಾದ ಕುರ್ಚಿಯನ್ನೇ ತರಬಹುದಿತ್ತಲ್ಲ ಎನ್ನುತ್ತೀರಿ. ಅದನ್ನೂ ನೋಡಿದ್ದಾಯಿತು. ಪರಿಚಿತರೊಬ್ಬರು ಮಡಚುವಂಥ ಹಗುರವಾದ ವಿದ್ಯುತ್ ಕುರ್ಚಿಯೊಂದನ್ನು ಬಳಸಿ ನೋಡಲೆಂದು ಕೊಟ್ಟಿದ್ದರು. ಇಬ್ಬರು ಸರಾಗವಾಗಿ ಎತ್ತಬಹುದಾಗಿತ್ತು. ನಲವತ್ತು ದಿನ ಬಂತು. ಚಪ್ಪಡಿಯಿಂದ ಬೀದಿಗೆ ಇಳಿಯುವ ನಾಲ್ಕು ಅಂಗುಲದ ಕಡೆ ಮುಂದಿನ ಪುಟ್ಟ ಗಾಲಿಯನ್ನು ಹಿಡಿದಿರುವ ಕವೆ ಮುರಿದು, ಅವರು ಮುಗ್ಗರಿಸಿ ಬಿದ್ದರು. ಪುಣ್ಯಕ್ಕೆ ಹಣೆಯ ಗಾಯವಷ್ಟೇ ಆಯಿತು. ಒಂದು ಗಟ್ಟಿಯಾಗಿತ್ತು, ಎತ್ತಲಾರದಷ್ಟು ಭಾರ. ಇನ್ನೊಂದು ಎತ್ತಬಹುದಾದಷ್ಟು ಹಗುರ, ಬೀದಿಯನ್ನು ತಾಳಲಿಲ್ಲ. ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂಡಿಸುವುದು ಸಾಧ್ಯವೆ? ಸಾಧ್ಯವಿದ್ದರೆ ಎಲ್ಲಿಂದ ಮೊದಲು ಮಾಡಬೇಕು?

ನಾವು ತಕ್ಕಡಿಯಿಂದ ಮೊದಲು ಮಾಡಿದೆವು. ಆ ಊರಿನಲ್ಲಿ ಅಡಿಕೆ ತೂಗುವ ತಕ್ಕಡಿಗೆ ಕೊರತೆಯಿಲ್ಲ. ಕುರ್ಚಿಯನ್ನು ಬಿಚ್ಚಿ ಒಂದೊಂದು ಭಾಗವನ್ನೂ ತೂಗಿದೆವು. ಒಟ್ಟು 62 ಕಿಲೋ. ಅದರಲ್ಲಿ ಎರಡು ಸೀಸದ ಬ್ಯಾಟರಿಗಳೇ 24 ಕಿಲೋ. ಎರಡು ಮೋಟಾರು, ಅವುಗಳ ಗೇರು ಪೆಟ್ಟಿಗೆ ಮತ್ತು ಬ್ರೇಕು ಸೇರಿ 16. ಉಕ್ಕಿನ ಕೊಳವೆಯ ಚೌಕಟ್ಟು 12. ಸೀಟು, ಗಾಲಿ, ಕಾಲಿಡುವ ಹಲಗೆ ಎಲ್ಲ ಸೇರಿ ಉಳಿದ 10. ಕುರ್ಚಿ ಭಾರವಾಯಿತೆಂದೊಡನೆ ಎಲ್ಲರೂ ಬಯ್ಯುವುದು ಚೌಕಟ್ಟಿನ ಕಬ್ಬಿಣವನ್ನು. ತಕ್ಕಡಿ ಬೇರೆಯೇ ಹೇಳಿತು. ಚೌಕಟ್ಟು ಕುರ್ಚಿಯ ಐದರಲ್ಲಿ ಒಂದು ಪಾಲು. ಬ್ಯಾಟರಿ ಅದರ ಎರಡರಷ್ಟು. ಬ್ಯಾಟರಿಯನ್ನು ಹಾಗೇ ಇಟ್ಟುಕೊಂಡು ಚೌಕಟ್ಟಿನಲ್ಲಿ ಮೂರು ಕಿಲೋ ಉಳಿಸಲು ಹೊರಡುವುದೆಂದರೆ ಮದುವೆಯ ಖರ್ಚಿನಲ್ಲಿ ಎಲೆ ಅಡಿಕೆಯ ಲೆಕ್ಕ ಹಿಡಿದು ಕುಳಿತಂತೆ.

ಈ ಕುರ್ಚಿ ಇಷ್ಟು ಭಾರವಾಗಿ ಹುಟ್ಟಿದ್ದಕ್ಕೆ ಒಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧದವರೆಗೆ ಕತ್ತಿನ ಹತ್ತಿರ ಬೆನ್ನುಹುರಿ ಕಡಿದ ಸೈನಿಕ ಬದುಕಿ ಮನೆಗೆ ಬರುವುದೇ ಅಪರೂಪವಾಗಿತ್ತು. ಹೊಸ ಔಷಧಗಳು ಬಂದು ಅಂಥವರು ಬದುಕತೊಡಗಿದರು. ಕೈ ಕಾಲು ಎರಡೂ ಬಾರದವರಿಗೆ ಕೈಯಿಂದ ತಳ್ಳುವ ಕುರ್ಚಿ ಕೆಲಸಕ್ಕೆ ಬಾರದಾಯಿತು. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿದ್ದ ಜಾರ್ಜ್ ಕ್ಲೈನ್ ಎಂಬ ಯಂತ್ರಶಿಲ್ಪಿ 1950ರ ದಶಕದ ಆರಂಭದಲ್ಲಿ ಇಂಥ ಸೈನಿಕರಿಗಾಗಿ ವಿದ್ಯುತ್ ಕುರ್ಚಿಯನ್ನು ರೂಪಿಸಿದರು. ಎರಡು ಗಾಲಿಗೂ ಬೇರೆ ಬೇರೆ ಮೋಟಾರು ಇಡುವುದು ಅವರ ಯುಕ್ತಿ. ಎಡದ್ದು ಮುಂದಕ್ಕೆ, ಬಲದ್ದು ಹಿಂದಕ್ಕೆ ತಿರುಗಿದರೆ ಕುರ್ಚಿ ನಿಂತಲ್ಲೇ ಸುತ್ತುತ್ತದೆ. ಇಕ್ಕಟ್ಟಾದ ಕೋಣೆಯಲ್ಲಿ ಇದೇ ಬೇಕಾದದ್ದು. ಬೆರಳಿನ ಹಿಡಿಯೂ ಆಗಲೇ ಬಂತು. 1955ರಲ್ಲಿ ಕೆನಡಾದವರು ಒಂದು ಮಾದರಿಯನ್ನು ಅಮೆರಿಕದ ನಿವೃತ್ತ ಸೈನಿಕರ ಇಲಾಖೆಗೆ ಕೊಡುಗೆಯಾಗಿ ಕೊಟ್ಟರು. ಇಂದಿನ ಕುರ್ಚಿಗಳಲ್ಲಿ ಹೆಚ್ಚಿನವು ಆ ಕುಟುಂಬದವೇ. ಆದರೆ ಅವು ಹುಟ್ಟಿದ ಊರುಗಳಲ್ಲಿ ಬೀದಿ ಸಮ, ಬಾಗಿಲಿಗೆ ಇಳಿಜಾರು ಕಟ್ಟುವುದು ಸುಲಭ. ಕುರ್ಚಿಯನ್ನು ಎತ್ತಬೇಕಾಗಬಹುದೆಂಬ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳಲಿಲ್ಲ. ನಮಗೆ ಮೊದಲ ಪ್ರಶ್ನೆಯೇ ಅದು.

ಈಗ ಬ್ಯಾಟರಿಯ ವಿಚಾರ. ಕುರ್ಚಿಗೆ ಎಷ್ಟು ಶಕ್ತಿ ಬೇಕು? ಯಜಮಾನರ ತೂಕ 60, ಕುರ್ಚಿ 62. ಒಟ್ಟು 122 ಕಿಲೋ. ಟಾರು ರಸ್ತೆಯ ಮೇಲೆ ಇದನ್ನು ಎಳೆಯಲು ಎರಡೂವರೆ ಕಿಲೋ ತೂಕದಷ್ಟು ಬಲ ಸಾಕು. ಗಂಟೆಗೆ ಐದು ಕಿಲೋಮೀಟರು, ಎಂದರೆ ನಡಿಗೆಯ ವೇಗದಲ್ಲಿ ಹೋದರೆ, ಗಾಲಿಗೆ ಮುಟ್ಟಬೇಕಾದ್ದು 35 ವಾಟಿನ ಆಸುಪಾಸು. ಹಿಂದಿನ ಕಾಲದ ಒಂದು ಸಣ್ಣ ಬಲ್ಬು ಉರಿಯುವಷ್ಟು. ಗೇರಿನಲ್ಲಿ, ಮೋಟಾರಿನಲ್ಲಿ ಅರ್ಧ ಪೋಲಾಗುತ್ತದೆಂದು ಹಿಡಿದರೂ ದೊಡ್ಡದೇನಲ್ಲ. ಆದರೆ ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರುವ ಇಳಿಜಾರಿಗೆ ಬಂದೊಡನೆ ಬೇಕಾದ ಬಲ ಐದರಷ್ಟಾಗುತ್ತದೆ. ಎಂಟು ಅಡಿಗೆ ಒಂದು ಅಡಿ ಏರಿದರೆ ಏಳರಷ್ಟು. ಸಡಿಲ ಮಣ್ಣು, ಮರಳು, ಮಳೆಗಾಲದ ಕೆಸರು ಇವುಗಳ ಕಾಟ ಇದರ ಮೇಲೆ. ಮೋಟಾರು ದೊಡ್ಡದಾಗುವುದು ಸಮ ರಸ್ತೆಯ ದೆಸೆಯಿಂದಲ್ಲ. ಈ ಏರು ಮತ್ತು ಕೆಸರಿನ ದೆಸೆಯಿಂದ. ದೊಡ್ಡ ಮೋಟಾರಿಗೆ ದೊಡ್ಡ ಬ್ಯಾಟರಿ, ದೊಡ್ಡ ಬ್ಯಾಟರಿ ಹೊರಲು ದಪ್ಪ ಚೌಕಟ್ಟು, ದಪ್ಪ ಚೌಕಟ್ಟನ್ನು ಎಳೆಯಲು ಮತ್ತೆ ದೊಡ್ಡ ಮೋಟಾರು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಮರುಸಾಲ ಎಂಬ ಹಾಗೆ ಇದು ಬೆಳೆಯುತ್ತದೆ.

ಈ ಗಂಟನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಸೀಸದ ಬ್ಯಾಟರಿ ಒಂದು ಕಿಲೋ ತೂಕಕ್ಕೆ ಮೂವತ್ತರಿಂದ ನಲವತ್ತು ವಾಟ್‌ಗಂಟೆ ಶಕ್ತಿಯನ್ನು ಹಿಡಿದಿಡುತ್ತದೆ. ಅದನ್ನೂ ಪೂರ್ತಿ ಬಳಸಿದರೆ ಬೇಗ ಸಾಯುತ್ತದೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಳಸಿ ಮತ್ತೆ ತುಂಬಬೇಕು. ಲಿಥಿಯಂ ಬ್ಯಾಟರಿ ಅದೇ ಒಂದು ಕಿಲೋಗೆ ನೂರು ವಾಟ್‌ಗಂಟೆಗೂ ಮೇಲೆ ಹಿಡಿದಿಡುತ್ತದೆ, ಹೆಚ್ಚು ಪಾಲನ್ನು ಬಳಸಲೂ ಬಿಡುತ್ತದೆ. ಹೀಗೆ 24 ಕಿಲೋ ಸೀಸ ಮಾಡುತ್ತಿದ್ದ ಕೆಲಸಕ್ಕೆ ಹತ್ತಿರ ಹತ್ತಿರ ಐದು ಕಿಲೋ ಲಿಥಿಯಂ ಸಾಕು. ಒಂದೇ ಏಟಿಗೆ 19 ಕಿಲೋ ಇಳಿಯಿತು. ಬೆಲೆ ಹೆಚ್ಚು, ನಿಜ. ಅದಕ್ಕೆ ತನ್ನದೇ ಕಾವಲು ಮಂಡಲ, ತನ್ನದೇ ಚಾರ್ಜರು ಬೇಕು. ಹಳೆಯ ಚಾರ್ಜರನ್ನು ಇದಕ್ಕೆ ಚುಚ್ಚಿದರೆ ಬೆಂಕಿಗೆ ದಾರಿ. ಮನೆಯಲ್ಲಿ ಯಾರೂ ಈ ಪ್ರಯೋಗಕ್ಕೆ ಕೈ ಹಾಕಬೇಡಿ. ಬಲ್ಲವರಿಂದ ಮಾಡಿಸಬೇಕು. ನಾವೂ ಹಾಗೆಯೇ ಮಾಡಿಸಿದೆವು.

ಇಲ್ಲಿ ಒಂದು ಸೂಕ್ಷ್ಮವಿದೆ. ನಾನೂ ಮೊದಲು ಎಡವಿದ್ದೆ. ಭಾರ ಇಳಿಯಿತೆಂದು ಹಿಗ್ಗಿ ಕುರ್ಚಿಯನ್ನು ಹಲಗೆಯ ಇಳಿಜಾರಿನ ಮೇಲೆ ಹತ್ತಿಸಿದರೆ, ಮುಂದಿನ ಗಾಲಿಗಳು ನೆಲ ಬಿಟ್ಟವು. ಹಿಂದೆ ನಾನು ನಿಂತಿದ್ದರಿಂದ ಸರಿಹೋಯಿತು. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದರ ಗುಟ್ಟು ಕೂಡಲೇ ತಿಳಿಯುತ್ತದೆ. ಹಿಂಭಾರವಾದರೆ ಗಾಡಿಯ ಮೂಕಿ ಏಳುತ್ತದೆ. ಸೀಸದ ಬ್ಯಾಟರಿಗಳು ಸೀಟಿನ ಕೆಳಗೆ, ನೆಲಕ್ಕೆ ಹತ್ತಿರವಾಗಿ, ಹಿಂದಿನ ಗಾಲಿಗಿಂತ ಮುಂದೆ ಕುಳಿತು ಕುರ್ಚಿಯನ್ನು ಕೆಳಕ್ಕೆ ಒತ್ತಿ ಹಿಡಿದಿದ್ದವು. ಅವನ್ನು ತೆಗೆದಾಗ ಮೇಲೆ ಕುಳಿತ ಮನುಷ್ಯನ ಭಾರವೇ ಮೇಲುಗೈಯಾಯಿತು. ಭಾರವನ್ನು ಕಳೆದವನು ಭಾರದ ಜಾಗವನ್ನೂ ಹೊಸದಾಗಿ ಗೊತ್ತುಮಾಡಬೇಕು. ಸೀಟನ್ನು ಎರಡು ಅಂಗುಲ ಮುಂದಕ್ಕೆ ಸರಿಸಿ, ಒಂದು ಅಂಗುಲ ತಗ್ಗಿಸಿ, ಹಿಂದೆ ನೆಲದಿಂದ ಒಂದೂವರೆ ಅಂಗುಲ ಮೇಲೆ ಎರಡು ಪುಟ್ಟ ಕಾವಲು ಗಾಲಿಗಳನ್ನು ಹಾಕಿಸಿದ ಮೇಲೆ ಆ ಭಯ ಹೋಯಿತು. ಹಗುರ ಕುರ್ಚಿಯನ್ನು ಕೊಳ್ಳುವವರು ಅಂಗಡಿಯ ನುಣುಪು ನೆಲದ ಮೇಲೆ ಓಡಿಸಿ ನೋಡಿ ತೃಪ್ತರಾಗಬೇಡಿ. ಇಳಿಜಾರಿನ ಮೇಲೆ, ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು ನೋಡಿ.

ಈಗ ಚೌಕಟ್ಟಿಗೆ ಬರೋಣ. ಅಡಿಕೆ ಮರವನ್ನು ಸೀಳಿ ದಬ್ಬೆ ಮಾಡುವುದನ್ನು ನೀವು ನೋಡಿರುತ್ತೀರಿ. ಹೊರಗಿನ ಎರಡು ಬೆರಳು ಗಟ್ಟಿ, ಒಳಗಿನದು ಮೆತ್ತನೆಯ ನಾರು. ಐವತ್ತು ಅಡಿ ಎತ್ತರದ ಮರ ಗಾಳಿಗೆ ತೂಗಿ ಮುರಿಯದೆ ನಿಲ್ಲುವುದು ಆ ಹೊರಗಿನ ಗಟ್ಟಿಯಿಂದ. ಬಾಗುವ ವಸ್ತುವಿನಲ್ಲಿ ಬಲವೆಲ್ಲ ಅಂಚಿನಲ್ಲಿ ಬೀಳುತ್ತದೆ. ನಡುವಿನದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಆದುದರಿಂದಲೇ ಕೊಳವೆ. ಒಂದೇ ತೂಕದ ಲೋಹದಿಂದ ಕೊಳವೆಯ ಅಡ್ಡಳತೆಯನ್ನು ಇಮ್ಮಡಿ ಮಾಡಿ ಗೋಡೆಯ ದಪ್ಪವನ್ನು ಅರ್ಧಕ್ಕಿಳಿಸಿದರೆ ಅದು ಬಾಗದೆ ನಿಲ್ಲುವ ಬಿಗಿ ನಾಲ್ಕರಷ್ಟಾಗುತ್ತದೆ. ತೂಕ ಒಂದು ಗುಲಗಂಜಿಯೂ ಹೆಚ್ಚಲಿಲ್ಲ. ಹಾಗೆಂದು ತೆಳುಮಾಡುತ್ತಲೇ ಹೋಗಲಾಗದು. ಗೋಡೆ ತೀರ ತೆಳುವಾದರೆ ಒಂದು ಕಲ್ಲು ತಗುಲಿದರೂ ತಗ್ಗು ಬೀಳುತ್ತದೆ, ತಗ್ಗು ಬಿದ್ದಲ್ಲೇ ಕೊಳವೆ ಮಡಚಿಕೊಳ್ಳುತ್ತದೆ.

ಇದೇ ಪಾಠವನ್ನು ನಮ್ಮ ತೋಟಗಳು ಈಚೆಗೆ ಇನ್ನೊಂದು ರೀತಿ ಕಲಿತಿವೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಉದ್ದನೆಯ ದೋಟಿ ಮೊದಲು ಬಿದಿರಿನದಾಗಿತ್ತು, ಆಮೇಲೆ ಅಲ್ಯೂಮಿನಿಯಂ ಬಂತು, ಈಗ ಕಾರ್ಬನ್ ಎಳೆಯ ಕೊಳವೆ ಬಂದಿದೆ. ಅದನ್ನು ಹಿಡಿದವರು ಬಿಡಲೊಲ್ಲರು, ಅಷ್ಟು ಹಗುರ, ಅಷ್ಟು ನೆಟ್ಟಗೆ. ಆ ದೋಟಿ ಹತ್ತು ವರ್ಷ ಮೊದಲು ಬಂದಿದ್ದರೆ ನಮ್ಮ ಯಜಮಾನರು ಇಂದು ಕುರ್ಚಿಯಲ್ಲಿ ಇರುತ್ತಿರಲಿಲ್ಲವೇನೋ. ಹಾಗಾದರೆ ಕುರ್ಚಿಯನ್ನೂ ಕಾರ್ಬನ್ನಿನಲ್ಲೇ ಮಾಡಿಬಿಡೋಣವೆ? ಹೊರದೇಶಗಳಲ್ಲಿ ಮಾಡಿಯೂ ಇದ್ದಾರೆ. ಆದರೆ ದೋಟಿ ಉಪಯೋಗಿಸುವವರನ್ನು ಕೇಳಿ. ಅದು ಬಾಗಿ ಎಚ್ಚರಿಕೆ ಕೊಡುವ ಜಾತಿಯಲ್ಲ. ಒಳಗೆಲ್ಲೋ ಪೆಟ್ಟಾಗಿ, ಹೊರಗೆ ಕಾಣದೆ, ಒಂದು ದಿನ ಪಟಕ್ಕನೆ ಸೀಳುತ್ತದೆ. ವಿದ್ಯುತ್ತನ್ನೂ ಹರಿಸುತ್ತದೆ, ತಂತಿಗೆ ತಗುಲಿದ ದೋಟಿ ಪ್ರಾಣಕ್ಕೇ ಎರವು. ಸೀಳಿದ ಕಾರ್ಬನ್ ಕೊಳವೆಯನ್ನು ಸರಿಮಾಡುವ ಅಂಗಡಿ ಚನ್ನಗಿರಿಯ ಪೇಟೆಯಲ್ಲಿ ಸಿಗಲಾರದು.

ಅಲ್ಯೂಮಿನಿಯಮ್ಮಿನ ಮಾತು ಬೇರೆ. ಉಕ್ಕಿನ ಮೂರರಲ್ಲಿ ಒಂದು ತೂಕ. ಆದರೆ ಬಿಗಿಯೂ ಮೂರರಲ್ಲಿ ಒಂದೇ. ಅದೇ ಅಳತೆಯ ಉಕ್ಕಿನ ಕೊಳವೆಯ ಜಾಗದಲ್ಲಿ ಅದೇ ಅಳತೆಯ ಅಲ್ಯೂಮಿನಿಯಂ ಇಟ್ಟರೆ ಕುರ್ಚಿ ತೊಟ್ಟಿಲಿನಂತೆ ತೂಗುತ್ತದೆ. ಅದಕ್ಕೆ ಅಗಲವಾದ ಕೊಳವೆಯೇ ಬೇಕು. ಅಮೆರಿಕದ ಮರ್ಲಿನ್ ಹ್ಯಾಮಿಲ್ಟನ್ ಎಂಬ ಮಹಿಳೆ 1970ರ ದಶಕದ ಕೊನೆಯಲ್ಲಿ ಗಾಳಿಯಲ್ಲಿ ತೇಲುವ ರೆಕ್ಕೆಯಿಂದ ಬಿದ್ದು ಕಾಲುಗಳ ಚಲನೆಯನ್ನು ಕಳೆದುಕೊಂಡರು. ಆಗ ಸಿಗುತ್ತಿದ್ದ ಕುರ್ಚಿಯ ಭಾರಕ್ಕೆ ರೋಸಿ, ಆ ರೆಕ್ಕೆಗಳನ್ನು ಕಟ್ಟುತ್ತಿದ್ದ ಇಬ್ಬರು ಗೆಳೆಯರ ಜೊತೆ ಸೇರಿ ಅದೇ ಅಲ್ಯೂಮಿನಿಯಂ ಕೊಳವೆಗಳಿಂದ 26 ಪೌಂಡಿನ, ಎಂದರೆ 12 ಕಿಲೋಗೂ ಕಡಮೆಯ ಕೈಕುರ್ಚಿಯನ್ನು ಮಾಡಿಸಿದರು. ಲೋಕದ ಗಾಲಿಕುರ್ಚಿಗಳ ರೂಪವನ್ನೇ ಅದು ಬದಲಿಸಿತು. ನಮ್ಮ ನೆರೆಯಲ್ಲಿ ಮದ್ರಾಸಿನ ಐ.ಐ.ಟಿ. 2025ರಲ್ಲಿ 9 ಕಿಲೋ ತೂಕದ ಕೈಕುರ್ಚಿಯನ್ನು ಹೊರತಂದಿತು.

ಆದರೆ ಬೆಸುಗೆಯ ಮಾತು ಬಂದಾಗ ನಾನು ಸ್ವಲ್ಪ ಹಿಂಜರಿಯುತ್ತೇನೆ. ಶಾಖದಿಂದ ಹದಮಾಡಿದ ಅಲ್ಯೂಮಿನಿಯಮ್ಮನ್ನು ಬೆಸೆದರೆ ಬೆಸುಗೆಯ ಅಕ್ಕಪಕ್ಕದಲ್ಲಿ ಅದರ ಶಕ್ತಿ ಅರ್ಧದ ಹತ್ತಿರ ಇಳಿದುಹೋಗುತ್ತದೆ. ಮತ್ತೆ ಹದಮಾಡಲು ಕುಲುಮೆ ಬೇಕು. ಇನ್ನೊಂದು, ಲೋಹಗಳಿಗೂ ದಣಿವುಂಟು. ಉಕ್ಕನ್ನು ಒಂದು ಮಿತಿಯೊಳಗೆ ಎಷ್ಟು ಲಕ್ಷ ಸಲ ಬಾಗಿಸಿದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಸಣ್ಣ ಸಣ್ಣ ಕುಲುಕಾಟವನ್ನೂ ಲೆಕ್ಕವಿಟ್ಟುಕೊಂಡು ಬಂದು ಒಂದು ದಿನ ಸೀಳು ಬಿಡುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿದಂದಿನಿಂದ ಈ ಸೀಮೆಯ ಕಮ್ಮಾರರಿಗೆ, ಬೆಸುಗೆಯವರಿಗೆ ಉಕ್ಕು ಮನೆಯ ಮಗುವಿದ್ದಂತೆ. ಊರಿನ ಬೆಸುಗೆ ಅಂಗಡಿಯವರು ಟ್ರ್ಯಾಕ್ಟರಿನ ನೇಗಿಲು ಬೆಸೆದ ಕೈಯಲ್ಲೇ ಉಕ್ಕಿನ ಕುರ್ಚಿಯನ್ನೂ ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಡುತ್ತಾರೆ. ಅಲ್ಯೂಮಿನಿಯಂ ಕುರ್ಚಿ ಮುರಿದರೆ ದಾವಣಗೆರೆಗೋ ಬೆಂಗಳೂರಿಗೋ ಹೋಗಬೇಕು. ಹೋಗಿ ಬರುವವರೆಗೆ ಮನುಷ್ಯ ಹಾಸಿಗೆಯ ಮೇಲೆ.

ಈ ಮಾತಿಗೆ ಒಬ್ಬ ದೊಡ್ಡ ಸಾಕ್ಷಿಯಿದ್ದಾರೆ. ರಾಲ್ಫ್ ಹಾಚ್‌ಕಿಸ್ ಎಂಬ ಅಮೆರಿಕದ ಯಂತ್ರಶಿಲ್ಪಿ 1966ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲುಗಳ ಚಲನೆಯನ್ನು ಕಳೆದುಕೊಂಡವರು. 1980ರಲ್ಲಿ ಅವರು ನಿಕರಾಗುವ ದೇಶಕ್ಕೆ ಹೋದಾಗ, ಅಲ್ಲಿನ ವಿಕಲಚೇತನ ಯುವಕರು ಇದ್ದ ಕುರ್ಚಿಯನ್ನು ಹಂಚಿಕೊಂಡು, ತಾವೇ ತಿದ್ದಿ ತೀಡಿ ಬಳಸುತ್ತಿದ್ದುದನ್ನು ಕಂಡರು. ಅವರಿಂದಲೇ ಕಲಿತು, ಆಯಾ ಊರಿನ ಅಂಗಡಿಯಲ್ಲಿ ಸಿಗುವ ಉಕ್ಕಿನ ಕೊಳವೆ, ಆಯಾ ಊರಿನ ಬೆಸುಗೆಗಾರ, ಇಷ್ಟರಿಂದಲೇ ಆಗುವ ಕೈಕುರ್ಚಿಗಳನ್ನು ಅನೇಕ ದೇಶಗಳಲ್ಲಿ ಮಾಡಿಸಿದರು. ಮುಂದಿನ ಪುಟ್ಟ ಗಾಲಿ ತೆಳ್ಳಗಿದ್ದರೆ ಮಣ್ಣಿನಲ್ಲಿ ಹೂತುಹೋಗುತ್ತದೆಂದು ಅಗಲವಾದ ರಬ್ಬರಿನ ಗಾಲಿಯನ್ನು ಹಾಕಿದರು. ಆ ಗಾಲಿಯ ವಿಚಾರ ಕೊನೆಯಲ್ಲಿ ಮತ್ತೆ ಬರುತ್ತದೆ.

ಗಟ್ಟಿಯೋ ಅಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಅದಕ್ಕೆ 7176 ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಿದೆ. ಅದರ ಎಂಟನೆಯ ಭಾಗ ಓದಲು ಸ್ವಾರಸ್ಯವಾಗಿದೆ. ಕುರ್ಚಿಯಲ್ಲಿ ಮನುಷ್ಯನ ತೂಕದ ಬೊಂಬೆಯನ್ನು ಕೂರಿಸಿ, ಗಾಲಿಗಳನ್ನು ತಿರುಗುವ ಎರಡು ಉರುಳೆಗಳ ಮೇಲೆ ಇಡುತ್ತಾರೆ. ಉರುಳೆಗಳಿಗೆ ಅರ್ಧ ಅಂಗುಲದಷ್ಟು ಎತ್ತರದ ಪಟ್ಟಿಗಳಿರುತ್ತವೆ. ಎರಡು ಲಕ್ಷ ಸುತ್ತು ಹೀಗೆ ಕುಲುಕಿಸಿ, ಆಮೇಲೆ ಕುರ್ಚಿಯನ್ನು 5 ಸೆಂಟಿಮೀಟರು ಮೇಲೆತ್ತಿ ಧೊಪ್ಪನೆ ಬಿಡುತ್ತಾರೆ, ಒಟ್ಟು 6,666 ಸಲ. ಇದಾದ ಮೇಲೂ ಸೀಳಿಲ್ಲದೆ ನಿಂತರೆ ಉತ್ತೀರ್ಣ. ಕಠಿಣವೆನಿಸುತ್ತದೆಯಲ್ಲವೆ? ಆದರೆ 5 ಸೆಂಟಿಮೀಟರೆಂದರೆ ಎರಡಂಗುಲ. ನಮ್ಮ ಚಪ್ಪಡಿಯಿಂದ ಬೀದಿಗೆ ನಾಲ್ಕಂಗುಲ. ಪ್ರತಿ ಸಲದ ಪೆಟ್ಟು ಇಮ್ಮಡಿ. ಪರೀಕ್ಷೆಯ ಕಾಗದವನ್ನು ಕೇಳುವುದು ಒಳ್ಳೆಯದೇ. ಕೊಳ್ಳುವ ಮೊದಲು ಕೇಳಿ. ಕಾಗದದ ಜೊತೆಗೆ ನಿಮ್ಮ ಮನೆಯ ಮುಂದಿನ ಚಪ್ಪಡಿಯನ್ನೂ ಅಳೆದುಕೊಳ್ಳಿ.

ಎಲ್ಲಿ ಭಾರ ಉಳಿಸಬಾರದು ಎಂಬುದನ್ನೂ ಹೇಳಬೇಕು. ಸೀಟಿನ ಮೆತ್ತೆ. ತೂಕ ಕಡಮೆ ತೋರಿಸಲೆಂದು ಕೆಲವರು ಇದನ್ನು ತೆಳುಮಾಡುತ್ತಾರೆ. ಬೆನ್ನುಹುರಿ ಹೋದವರಿಗೆ ಕುಳಿತ ಜಾಗದ ನೋವು ಗೊತ್ತಾಗುವುದಿಲ್ಲ. ಒಂದೇ ಕಡೆ ಒತ್ತಿ ಒತ್ತಿ ಚರ್ಮ ಸತ್ತು ಹುಣ್ಣಾಗುತ್ತದೆ. ಆ ಹುಣ್ಣು ಕೀವುಗಟ್ಟಿ ಜೀವ ತೆಗೆದದ್ದುಂಟು. ಮರದಿಂದ ಬಿದ್ದು ಬದುಕಿದವರು ಮೆತ್ತೆಯ ದೆಸೆಯಿಂದ ಸಾಯಬಾರದು. ಬ್ರೇಕಿನಲ್ಲಿಯೂ ಉಳಿತಾಯ ಸಲ್ಲದು. ಒಳ್ಳೆಯ ಕುರ್ಚಿಯಲ್ಲಿ ಬ್ರೇಕನ್ನು ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ವಿದ್ಯುತ್ತು. ತಂತಿ ಕಡಿದರೂ ಬ್ಯಾಟರಿ ಸತ್ತರೂ ಕುರ್ಚಿ ತಾನಾಗಿ ನಿಲ್ಲುತ್ತದೆ, ಇಳಿಜಾರಿನಲ್ಲಿ ಜಾರಿಹೋಗುವುದಿಲ್ಲ.

ಭಾರವನ್ನು ಕಳೆಯುವುದಕ್ಕಿಂತ ಹಂಚುವುದು ಜಾಣತನ ಎನ್ನುವ ಪಂಥವೊಂದಿದೆ. ನನ್ನ ಒಲವು ಅದರ ಕಡೆಗೇ. ಮದ್ರಾಸಿನ ಐ.ಐ.ಟಿ.ಯಲ್ಲಿ ಬೆಳೆದ ನಿಯೋಮೋಷನ್ ಸಂಸ್ಥೆ 2021ರಲ್ಲಿ ಹೊರತಂದ ನಿಯೋಬೋಲ್ಟ್ ಇದರ ಒಳ್ಳೆಯ ಉದಾಹರಣೆ. ಕೈಯಿಂದ ತಳ್ಳುವ ಕುರ್ಚಿ ಒಂದು. ಅದರ ಮುಂದೆ ಸಿಕ್ಕಿಸುವ ಮೋಟಾರು ಗಾಲಿ ಬ್ಯಾಟರಿ ಸಮೇತ ಇನ್ನೊಂದು. ಮನೆಯೊಳಗೆ ಹಗುರ ಕುರ್ಚಿ, ಬೀದಿಯಲ್ಲಿ ಸ್ಕೂಟರು. ಕೈಯಲ್ಲಿ ಬಲವಿರುವವರಿಗೆ ಇದು ಬಹಳ ಒಪ್ಪುತ್ತದೆ. ಕೈಬಲವಿಲ್ಲದ ನಮ್ಮ ಯಜಮಾನರಿಗೆ ಒಪ್ಪದು. ಆದರೆ ಹಂಚುವ ಆ ಉಪಾಯವನ್ನು ಕಡ ತರಬಹುದು. ಬ್ಯಾಟರಿಗೆ ಒಂದು ಹಿಡಿಕೆ ಇಟ್ಟು, ಒಂದು ಕೈಯಲ್ಲಿ ಎಳೆದರೆ ಈಚೆ ಬರುವಂತೆ ಮಾಡಿಸುವುದು. ಸೀಟನ್ನು ಎರಡು ಚಿಲಕದಲ್ಲಿ ಬಿಡಿಸುವಂತೆ ಮಾಡಿಸುವುದು. ಬ್ಯಾಟರಿ ಬದಲಾದ ಮೇಲೆ ಕುರ್ಚಿ 43 ಕಿಲೋ. ಅದನ್ನು ಮೂರು ಭಾಗ ಮಾಡಿದರೆ ದೊಡ್ಡ ಭಾಗ 30 ಕಿಲೋ ಚಿಲ್ಲರೆ. ಇಬ್ಬರು ಹೆಂಗಸರು ಒಂದು ತುದಿ ಒಬ್ಬೊಬ್ಬರಂತೆ ಹಿಡಿದು ಮೆಟ್ಟಿಲು ಇಳಿಸಬಲ್ಲರು. ನೆರೆಯವರನ್ನು ಕೂಗಬೇಕಾಗಿಲ್ಲ.

ಅಳತೆ ನೋಡಿ ಕುರ್ಚಿ ಹೊಂದಿಸಿಕೊಡುವ ಕೆಲಸ ನಮ್ಮ ರಾಜ್ಯದಲ್ಲಿ ಹಳೆಯದು. ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ವಿಕಲಚೇತನರ ಸಂಸ್ಥೆ, 1994ರಿಂದ ಅದೇ ಊರಿನಲ್ಲಿರುವ ಮೊಬಿಲಿಟಿ ಇಂಡಿಯಾ ಇವು ಆ ಕೆಲಸ ಮಾಡಿಕೊಂಡು ಬಂದಿವೆ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಅಲಿಮ್ಕೋ ಕಾರ್ಖಾನೆಯ ಶಾಖೆಯೂ ಬೆಂಗಳೂರಿನಲ್ಲಿದೆ. ದಾವಣಗೆರೆಯಲ್ಲೂ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರವುಂಟು. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಅಲ್ಲಿ ವಿಚಾರಿಸಿ.

ಇನ್ನು ಹೊಸ್ತಿಲಿನ ಕಥೆ. ಐದಂಗುಲದ ಹೊಸ್ತಿಲನ್ನು ಕೊಯ್ದುಬಿಡಿ ಎಂದು ಬಡಗಿ ಹೇಳಿದ. ತಾಯಿ ಒಪ್ಪಲಿಲ್ಲ. "ಅರಿಶಿನ ಕುಂಕುಮ ಹಚ್ಚೋ ಹೊಸ್ತಿಲಪ್ಪಾ, ಅದಕ್ಕೆ ಗರಗಸ ಹಾಕ್ತೀರಾ?" ಎಂದರು. ಅವರನ್ನು ನಾನು ತಪ್ಪೆನ್ನಲಾರೆ. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಐದಂಗುಲಕ್ಕೆ ಐದು ಅಡಿ ಉದ್ದದ ಹಲಗೆ ಬೇಕು. ಒಳಗೊಂದು, ಹೊರಗೊಂದು, ಎರಡು ಹಲಗೆ, ಬೇಡವಾದಾಗ ಎತ್ತಿಡಬಹುದು. ಹೊಸ್ತಿಲು ಹಾಗೇ ಉಳಿಯಿತು. ಜಗಲಿಯ ಎರಡು ಮೆಟ್ಟಿಲಿನದು ಹೆಚ್ಚು ಕಷ್ಟ. ಹದಿನಾಲ್ಕು ಅಂಗುಲಕ್ಕೆ ಹದಿನಾಲ್ಕು ಅಡಿ. ನೇರವಾಗಿ ಕಟ್ಟಿದರೆ ಬೀದಿಯ ನಡುವೆ ಬರುತ್ತದೆ. ಗೋಡೆಯ ಮಗ್ಗುಲಿಗೆ, ಜಗಲಿಯ ಉದ್ದಕ್ಕೂ ಸಾಗುವಂತೆ ಕಲ್ಲು ಸಿಮೆಂಟಿನ ಇಳಿಜಾರು ಕಟ್ಟಿದರು. ಚಪ್ಪಡಿಯ ನಾಲ್ಕಂಗುಲಕ್ಕೂ ಒಂದು ಸಿಮೆಂಟಿನ ಅಂಚು ಎಳೆದರು. ಹೀಗೆ ಇಳಿಜಾರಾದ ಮೇಲೆ ದಿನನಿತ್ಯಕ್ಕೆ ಎತ್ತುವುದೇ ಬೇಕಾಗಲಿಲ್ಲ. ಬಸ್ಸಿಗೋ ಆಟೋಗೋ ಹಾಕುವಾಗ ಮಾತ್ರ ಆ ಮೂರು ಭಾಗ.

ಅಡಿಕೆ ಚೀಲ ತೆಗೆದ ದಿನ ಅವರು ಮೊದಲು ಹೋಗಬೇಕೆಂದದ್ದು ದೇವಸ್ಥಾನಕ್ಕಲ್ಲ, ಪೇಟೆಗೂ ಅಲ್ಲ. ತಾವು ಬಿದ್ದ ತೋಟಕ್ಕೆ. ಅರ್ಧ ಮೈಲಿ ಟಾರು ರಸ್ತೆ, ಆಮೇಲೆ ಗಾಡಿಜಾಡು. ನಾನು ಪಕ್ಕದಲ್ಲಿ ನಡೆದೆ. ಟಾರು ಮುಗಿಯುವವರೆಗೆ ನನಗಿಂತ ಅವರೇ ಮುಂದಿದ್ದರು. ತೋಟದ ತಡಿಕೆಯ ಹತ್ತಿರ ಹಳ್ಳದ ಮರಳು ಬಂದಿತ್ತು. ಮುಂದಿನ ಪುಟ್ಟ ಗಾಲಿಗಳು ಹೂತು ಕುರ್ಚಿ ನಿಂತಿತು. ಒಳಗೆ ಇಬ್ಬರು ಹುಡುಗರು ದೋಟಿ ಹಿಡಿದು ಕೊನೆ ಇಳಿಸುತ್ತಿದ್ದರು. ಅವರು ಕುರ್ಚಿಯಲ್ಲೇ ಕುಳಿತು ಬಹಳ ಹೊತ್ತು ಅದನ್ನು ನೋಡಿದರು. ಒಬ್ಬ ಹುಡುಗನಿಗೆ ಕೂಗಿ, ಯಾವ ಮರದ ಕೊನೆ ಇನ್ನೂ ಹಣ್ಣಾಗಿಲ್ಲವೆಂದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಈ ಗಾಲಿ ಎಷ್ಟು ಅಗಲ ಮಾಡಿಸಿದ್ರೆ ಮರಳಲ್ಲಿ ಹೋಗ್ತದೆ?" ಎಂದು ಕೇಳಿದರು. ಬೆಸುಗೆ ಅಂಗಡಿಯಲ್ಲಿ ಈಗ ಹೊಸ ಕವೆ ತಯಾರಾಗುತ್ತಿದೆ. ಮೂರಂಗುಲ ಅಗಲದ ಗಾಲಿಗೆ ಅಳತೆ ಕೊಟ್ಟಿದ್ದೇವೆ.